ಕೌದಿ ಹೊದ್ದು ಔರಾದಕ್ಕೆ ಹೋದ ಕಂಪ್ಯೂಟರ್

ಬಾವಿಗಳು ಮಾತಾಡುತ್ತಿದ್ದ ಕಾಲದಲ್ಲಿ ಒಂದು ಊರಿತ್ತಂತೆ. ಒಂದು ಬೇಸಿಗೆಯಲ್ಲಿ ಆ ಊರಿನ ಬಾವಿಗಳೆಲ್ಲ ಒಟ್ಟಿಗೇ ಮೂಕಾದವಂತೆ.

ಆಗ ಎಲ್ಲಿಂದಲೋ ಒಬ್ಬ ಬಾವಿ ತೋಡುವವನು ಬಂದ. ಊರ ಗೌಡನ ಮಗಳು ಅವನಿಗೆ ದಿನಾ ಬುತ್ತಿ ಒಯ್ಯುತ್ತಿದ್ದಳು. ಅವನು ತೋಡಿದ, ತೋಡಿದ, ಇಪ್ಪತ್ತು ಆಳಿನುದ್ದ ತೋಡಿದ. ಕೊನೆಗೆ ಉಳಿದದ್ದು ಒಂದೇ ಒಂದು ಕಲ್ಲು. ಅದರ ಕೆಳಗೆ ನೀರು ಗುಳುಗುಳು ಅನ್ನುವುದು ಅವನಿಗೆ ಕೇಳಿಸುತ್ತಿತ್ತು. ಆದರೆ ಕಲ್ಲು ಒಡೆದರೆ ಕೆಲಸ ಮುಗಿಯಿತು. ಕೆಲಸ ಮುಗಿದರೆ ಬುತ್ತಿ ತರುವವಳು ಬರುವುದಿಲ್ಲ! ಅದಕ್ಕೇ ಅವನು ಹಾರೆ ಹಿಡಿದು ದಿನಾ ಆ ಕಲ್ಲಿನ ಮೇಲೆ ಸುಮ್ಮನೆ ಕೂತುಬಿಡುತ್ತಿದ್ದನಂತೆ...

“ಆಮ್ಯಾಲ ಏನಾತು ಆಯಿ?”

ಚಿಕ್ಕವಳಿದ್ದಾಗ ಕೌಸಲ್ಯಾ ನೂರು ಸಲ ಕೇಳಿದ್ದಳು. ಅಜ್ಜಿ ಶೇವಂತಾಬಾಯಿ ನೂರು ಸಲವೂ ಅಲ್ಲಿಗೇ ನಿಲ್ಲಿಸುತ್ತಿದ್ದಳು.

“ಆಮ್ಯಾಲಿಂದು ನಂಗೂ ಗೊತ್ತಿಲ್ಲವ್ವ. ಊರು ನೀರಡಿಸಿ ಕುಂತದ, ಅಂವ ಕಲ್ಲಿನ ಮ್ಯಾಲ ಕುಂತಾನ. ಯಾರರೆ ಒಬ್ರು ಏಳಬೇಕಲ್ಲ?”

ಯಾರು ಏಳುತ್ತಾರೆ ಎಂಬುದು ಕೌಸಲ್ಯಾಳಿಗೆ ಗೊತ್ತಾಗಲು ಇಪ್ಪತ್ಮೂರು ವರ್ಷ ತುಂಬಬೇಕಾಯಿತು. ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ತಂದ ಆ ಬೇಸಿಗೆ ಬರಬೇಕಾಯಿತು.

* * *

“ಇದನ್ನ ಒಗದುಬಿಡ್ರಿ ಮೇಡಂ!”

ಬೀದರಿನ ಚೌಬಾರಾದ ಹತ್ತಿರ, ನಿಜಾಮೋದ್ದೀನ ಸಾಹೇಬರ ಕಂಪ್ಯೂಟರ್ ರಿಪೇರಿ ದುಕಾನು. ಮೇಜಿನ ಆಚೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ ಹುಡುಗ ತಲೆ ಎತ್ತದೇ ಹೇಳಿದ ಮಾತದು.

ಕೌಸಲ್ಯಾಳ ಕಿವಿ ಕೆಂಪಾದವು. ಭಾಲ್ಕಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು. ಚೀಟಿಯಲ್ಲಿ ಎಲ್ಲ ಬರೆದು ತಂದಿದ್ದಳು... ಯಾವ ವರ್ಷದ ಕಂಪ್ಯೂಟರ್, ಎಷ್ಟು ರ‍್ಯಾಮು, ಯಾವ ವಿಂಡೋಸು. ಅವನು ಚೀಟಿಯ ಮೊದಲ ಸಾಲಷ್ಟೇ ಓದಿದ್ದ.

“ಯಾಕ ಒಗೀಬೇಕ್ರಿ?”

“ಎಕ್ಸ್‌ಪಿ ಅಂತ ಬರದೀರಿ. ಅದರ ಕಾಲ ಮುಗದು ಎರಡು ವರ್ಷಾತು. ಮೊದಲೇ ವಯಸ್ಸಾದ ಮಷೀನು...”

“ನಿಮ್ಮ ಮನ್ಯಾಗ ವಯಸ್ಸಾದವರನ್ನ ಒಗೀತೀರೇನ್ರಿ?”

ಸ್ಕ್ರೂಡ್ರೈವರ್ ನಿಂತಿತು. ಹುಡುಗ ಆಗ ತಲೆ ಎತ್ತಿದ.

ಹಿಂದಿನ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದ ನಿಜಾಮೋದ್ದೀನ ಸಾಹೇಬರು ಹೊಟ್ಟೆ ಅಲುಗಾಡಿಸಿ ನಕ್ಕರು. “ಶಾಬಾಸ್ ಬೇಟಿ! ಏ ಮಚ್ಛೇಂದ್ರ, ಈಗ ಕೊಡು ಜವಾಬು!”

ಮಚ್ಛೇಂದ್ರ ಸ್ಕ್ರೂಡ್ರೈವರ್ ಕೆಳಗಿಟ್ಟ. ಚೀಟಿಯನ್ನು ಮತ್ತೆ ಮೊದಲಿನಿಂದ ಓದಿದ, ಈ ಸಲ ಪೂರ್ತಿ. ಓದುವಾಗ ಅವನ ಹುಬ್ಬುಗಳ ನಡುವೆ ಒಂದು ಸಣ್ಣ ಗೆರೆ ಮೂಡಿತು. ‘ಈ ಗೆರೆಯನ್ನ ಎಲ್ಲೋ ನೋಡಿದೀನಿ...’ ಎಂದುಕೊಂಡಳು ಕೌಸಲ್ಯಾ. ಎಲ್ಲಿಯೂ ನೋಡಿರಲಿಲ್ಲ. ಅಜ್ಜಿಯ ಕಥೆಯ ಬಾವಿ ತೋಡುವವನಿಗೆ ಅವಳೇ ಎಂದೋ ಅಂಥ ಗೆರೆ ಹಾಕಿಟ್ಟಿದ್ದಳು!

“ಹೊಸ ವಿಂಡೋಸು ಯಾಕ ಬೇಕು?” ಅವನ ದನಿ ಮೆತ್ತಗಾಗಿತ್ತು.

ಅವಳು ಹೇಳಿದಳು. ಅಪ್ಪ ಹಣಮಂತಪ್ಪನದು ಹಿಟ್ಟಿನ ಗಿರಣಿ. ಮಳೆ ಹೋಗಿ ಎರಡು ವರ್ಷ, ಬೀಸಲು ಜೋಳವಿಲ್ಲ. ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿದೆ. ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ. ಅಪ್ಪನೂ ಹೊಸ ಬೀಗವೊಂದನ್ನು ತಂದು ಗೋಡೆಯ ಗೂಡಿನಲ್ಲಿಟ್ಟಿದ್ದಾನೆ. ಗಿರಣಿಯ ಮುಂದಿನ ಖೋಲಿಯಲ್ಲಿ ಆನ್‌ಲೈನ್ ಸೇವಾ ಕೇಂದ್ರ ತೆಗೆಯಲು ಕೌಸಲ್ಯಾ ಅರ್ಜಿ ಹಾಕಿದ್ದಾಳೆ. ಮುಂದಿನ ತಿಂಗಳು ಹತ್ತನೇ ತಾರೀಖು, ಮಂಗಳವಾರ, ಸರ್ಕಾರಿ ಸಾಹೇಬರು ತಪಾಸಣೆಗೆ ಬರುತ್ತಾರೆ. ಕಂಪ್ಯೂಟರಿನಲ್ಲಿ ಅವರ ವೆಬ್ ಪುಟ ತೆರೆಯಬೇಕು. ಈಗ ತೆರೆಯುವುದಿಲ್ಲ!

“ತೆರೀಲಿಲ್ಲಂದ್ರ... ಬುಧವಾರ ನಮ್ಮ ಮನಿಗೂ ಬೀಗ ಬೀಳ್ತದ್ರಿ.”

ಮಚ್ಛೇಂದ್ರ ಚೀಟಿ ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡ.

“ನಮ್ಮೂರು ಸಾಯಗಾಂವ. ದಿನಾ ಸಂಜಿಗಿ ಭಾಲ್ಕಿ ಮ್ಯಾಲೇ ಹೋಗ್ತೇನಿ. ಮನಿಗೇ ಬಂದು ಮಾಡಿಕೊಡ್ತೇನಿ. ಹತ್ತರೊಳಗ... ಮಾತು ಕೊಟ್ಟೀನ್ರಿ.”

* * *

ಅವನು ಬಂದ. ಮೊದಲ ಸಂಜೆ ಕಂಪ್ಯೂಟರಿನ ಡಬ್ಬಿ ಬಿಚ್ಚಿದಾಗ ಒಳಗಿಂದ ಒಂದು ಬೊಗಸೆ ಹಿಟ್ಟಿನ ಧೂಳು ಸುರಿಯಿತು.

“ಅಬ್ಬಬ್ಬಾ! ಇದರಾಗ ನಾಕು ರೊಟ್ಟಿ ಆಗ್ತಾವಲ್ರಿ!”

ಶೇವಂತಾಬಾಯಿ ಗೋಡೆಗೆ ಒರಗಿ ಕೂತು ಎಲೆ ಜಗಿಯುತ್ತಿದ್ದಳು. “ಗಿರಣಿ ಮನಿ ಪೆಟ್ಟಿಗಿ ಅದು. ನಿನ್ನ ಹೊಟ್ಟ್ಯಾಗ ಏನದ ತೋರ್ಸು ನೋಡೂಣು, ಪೆಟ್ಟಿಗಿ ಡಾಕ್ಟರ?”

ಮಚ್ಛೇಂದ್ರ ನಕ್ಕ. ಕೆಲಸ ಹೇಗೆಂದು ವಿವರಿಸಿದ. “ಮನಿ ಖಾಲಿ ಮಾಡಿ ಸುಣ್ಣಾ ಹಚ್ಚಿದಂಗ ಆಯಿ. ಮೊದಲ ಸಾಮಾನು ಹೊರಗ ತಗದಿಡಬೇಕು. ಹಳೇ ವಿಂಡೋಸು ಅಳಿಸಿ ಹೊಸಾದು ಕುಂಡ್ರಿಸಬೇಕು. ಆಮ್ಯಾಲ ಸಾಮಾನು ಮತ್ತ ಒಳಗ.”

ಸಾಮಾನೆಂದರೆ ಅಜ್ಜಿಯ ನಲವತ್ತೊಂದು ಕಥೆಗಳು. ಐದು ವರ್ಷದಿಂದ ಕೌಸಲ್ಯಾ ಒಂದೊಂದಾಗಿ ಟೈಪು ಮಾಡಿದ್ದಳು. ಅವನ್ನೆಲ್ಲ ಮಚ್ಛೇಂದ್ರ ತನ್ನ ಪೆನ್ ಡ್ರೈವಿಗೆ ಹಾಕಿಕೊಂಡ.

“ಓದಲೇನ್ರಿ?”

“ನಗಬಾರ್ದು.”

“ನಗೂದಿಲ್ರಿ.”

ಮರುದಿನ ಅವನ ಕಣ್ಣು ಕೆಂಪಗಿದ್ದವು. ನಿದ್ದೆಗೆಟ್ಟು ಓದಿದ್ದ! ಆ ಸಂಜೆಯಿಂದ ದಿನಾ ಐದೂವರೆಗೆ ಕೌಸಲ್ಯಾಳ ಕಿವಿ ಓಣಿಯ ತುದಿಗೆ ಓಡಿಹೋಗುತ್ತಿತ್ತು.

ಅಡಚಣೆ ಒಂದೇ. ಹೊಸ ವಿಂಡೋಸಿಗೆ ಇದ್ದ ರ‍್ಯಾಮು ಸಾಲದು. ಹಾಕೋಣವೆಂದರೆ ಆ ಹಳೇ ನಮೂನೆಯ ರ‍್ಯಾಮು ಬೀದರಿನಲ್ಲಿ ಯಾರ ಬಳಿಯೂ ಇಲ್ಲ.

“ಔರಾದದಾಗ ಸಿಗಬಹುದ್ರಿ. ಅಲ್ಲಿ ನಮ್ಮ ಸೋದರಮಾವನ ಮಗಳು ಸುಂದರಾ ಅಂತ... ಕಂಪ್ಯೂಟರ್ ಕಲಸ್ತಾಳ. ಹಳೇ ಮಷೀನು ರಾಶಿ ಬಿದ್ದಾವ ಆಕಿ ಹತ್ರ.”

ಸೋದರಮಾವನ ಮಗಳು!

ಕೌಸಲ್ಯಾ ಚಹಾದ ಬಸಿಯನ್ನು ತುಟಿಗಿಟ್ಟುಕೊಂಡಳು. ಈ ಸೀಮೆಯಲ್ಲಿ ಆ ಮಾತಿನ ಅರ್ಥ ಹಾಲು ಕುಡಿಯುವ ಕೂಸಿಗೂ ಗೊತ್ತು. ಸೋದರಮಾವನ ಮಗಳೆಂದರೆ ತೊಟ್ಟಿಲಲ್ಲೇ ಬರೆದಿಟ್ಟ ಹಕ್ಕು. ಅದೂ ಹೆಸರು... ಸುಂದರಾ!

‘ಹೆಸರಿಟ್ಟವರು ಮುಖ ನೋಡೇ ಇಟ್ಟಿರ್ತಾರ’ ಎಂದುಕೊಂಡಳು. ಚಹಾ ಕಹಿಯಾಯಿತು, ಅದಕ್ಕೆ ಅವಳೇ ಎರಡು ಚಮಚ ಸಕ್ಕರೆ ಹಾಕಿದ್ದರೂ!

* * *

ಮೊದಲ ಐತವಾರ ಅವನು ಔರಾದಕ್ಕೆ ಹೋದ. ಸೋಮವಾರ ಬರಿಗೈಲಿ ಬಂದ. “ಸಿಗಲಿಲ್ರಿ.”

ಎರಡನೇ ಐತವಾರ ಹೋದ. “ಇನ್ನೂ ಹುಡುಕಬೇಕ್ರಿ.” ಹಾಗೆನ್ನುವಾಗ ಅವನು ಅವಳ ಮುಖ ನೋಡಲಿಲ್ಲ. ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡಿದ್ದ.

“ಔರಾದ ಬಾಳ ಛಲೋ ಊರ ಅನ್ನಿಸ್ತದ,” ಎಂದಳು ಕೌಸಲ್ಯಾ. “ಹೋದವರಿಗಿ ಬರೂ ಮನಸ್ಸೇ ಆಗೂದಿಲ್ಲ ಏನೋ.”

“ಹಂಗೇನಿಲ್ರಿ...”

“ಸುಂದರಾ ಅವ್ರು ಹುಡುಕಲಿಕ್ಕಿ ಸಹಾಯ ಮಾಡ್ತಾರೇನು? ಇಬ್ರೂ ಕೂಡಿ ಹುಡುಕಿದ್ರೂ ಸಿಗವಲ್ದಂದ್ರ, ಪಾಪ!”

ಮಚ್ಛೇಂದ್ರ ಏನೋ ಹೇಳಲು ಬಾಯಿ ತೆರೆದ. ತುಟಿಯವರೆಗೆ ಬಂದ ಮಾತನ್ನು ನುಂಗಿಕೊಂಡ. ಆ ನುಂಗಿದ ಮಾತೇ ಅವಳನ್ನು ಹೆಚ್ಚು ಸುಟ್ಟಿತು.

ಶುಕ್ರವಾರ ಸಂಜೆ ಅವನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅವನ ಚೀಲ ಮಗುಚಿ ಬಿತ್ತು. ಎತ್ತಿಡಲು ಹೋದಳು. ಸ್ಕ್ರೂಡ್ರೈವರು, ಸೀಡಿಗಳ ನಡುವೆ... ಕೆಂಪು ದಡಿಯ ಹಸಿರು ಇಳಕಲ್ ಸೀರೆ! ಅದರ ಮೇಲೆ ಐದು ಅಡಿಕೆ ಕಟ್ಟಿದ ಕುಪ್ಪಸದ ಬಟ್ಟೆ!

ಹಿತ್ತಲಿನಿಂದ ಅವನ ಫೋನಿನ ಮಾತು ಕೇಳಿಸಿತು.

“...ಸೀರಿ ತಂದೀನಿ ಮಾರಾಯ್ತಿ. ಈ ಐತವಾರರೆ ಹೂಂ ಅನ್ನು. ನಿನ್ನ ಕಾಲಿಗಿ ಬೀಳ್ತೇನಿ ಸುಂದರಾ...”

ಕೌಸಲ್ಯಾ ಸೀರೆಯನ್ನು ಬೆಂಕಿ ಮುಟ್ಟಿದವಳಂತೆ ಒಳಗೆ ತುರುಕಿದಳು.

‘ಓಹೋ! ಕಾಲಿಗೆ ಬೇರೆ ಬೀಳ್ತಾನ!... ನನ್ನ ರ‍್ಯಾಮು ಸಿಗಲಿಲ್ಲ, ಆಕೀಗಿ ಸೀರಿ ಸಿಕ್ತು! ನಮ್ಮ ಮನಿಗಿ ಬೀಗ ಬಿದ್ರ ಇವನಿಗೇನು?... ಅಲ್ಲ, ನಾ ಯಾಕ ಉರ್ಕೋಬೇಕು? ಇಂವ ಯಾರು ನನಗ? ರಿಪೇರಿ ಮಾಡಾಂವ. ಅಷ್ಟೇ! ಅಷ್ಟೇ...’

‘ಅಷ್ಟೇ’ ಎಂದು ಏಳು ಸಲ ಅಂದುಕೊಂಡಳು. ಎಂಟನೆಯ ಸಲಕ್ಕೆ ಕಣ್ಣು ತುಂಬಿತು.

“ಸೋಮವಾರ ಖಂಡಿತ ಮುಗಿಸ್ತೇನ್ರಿ,” ಎಂದು ಅವನು ಚೀಲ ಹೆಗಲಿಗೇರಿಸಿದ.

“ನಿಮಗ ಐತವಾರ ಕೆಲಸ ಭಾಳ. ದಣಿಬ್ಯಾಡ್ರಿ.”

ಅವನು ಹೋದ ಮೇಲೆ ಶೇವಂತಾಬಾಯಿ ಎಲೆಯ ತೊಟ್ಟು ಮುರಿಯುತ್ತ ಮೊಮ್ಮಗಳನ್ನೇ ನೋಡಿದಳು.

“ಮಚ್ಛೇಂದ್ರ, ಮಚ್ಛೇಂದ್ರ ಅಂತ ದಿನಕ್ಕ ನಲವತ್ತು ಸಲ ಅಂತಿದ್ದಿ. ಇವತ್ತ ಹೆಸರೇ ಇಲ್ಲ?”

“ಆ ಹೆಸರ ಹೇಳಿದ್ರ ಬಾಯಿ ಸುಡ್ತದ ಆಯಿ.”

“ಹಾಂ... ಬಾಯಿ ಸುಡಲಿಕ್ಕಿ ಹತ್ತಿದ ಮ್ಯಾಲೇ ನಾವು ಒಡಪು ಹಾಕಿದ್ದು!” ಮುದುಕಿ ಕಿಲಕಿಲ ನಕ್ಕಳು.

ಅವಳ ಕಾಲದ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳಿದವರಲ್ಲ. ಪ್ರಾಸ ಕಟ್ಟಿ, ಒಡಪಿನೊಳಗೆ ಮುಚ್ಚಿಟ್ಟು ಹೇಳುತ್ತಿದ್ದರು. ಒಮ್ಮೆ ಮತದಾರರ ಪಟ್ಟಿ ಬರೆಯಲು ಬಂದ ಮಾಸ್ತರರು ‘ಗಂಡನ ಹೆಸರೇನಮ್ಮ’ ಎಂದು ಕೇಳಿದ್ದಕ್ಕೆ ಶೇವಂತಾಬಾಯಿ ಸೆರಗು ಹೊದ್ದು ಹಾಡಿಯೇ ಬಿಟ್ಟಿದ್ದಳು:

“ಮಳಿ ಬರ್ಲಿ ಬಿಡ್ಲಿ, ಜ್ವಾಳದ ರೊಟ್ಟಿ ಖಾತ್ರಿ,
ನನ್ನ ಕೈ ಹಿಡದವರ ಹೆಸರು ದತ್ತಾತ್ರಿ!”

ಅದನ್ನು ನೆನೆದರೆ ಕೌಸಲ್ಯಾ ಯಾವಾಗಲೂ ನಗುತ್ತಿದ್ದಳು. ಅಂದು ನಗಲಿಲ್ಲ.

* * *

ಐತವಾರ ಬೆಳಿಗ್ಗೆ ಅವಳು ಕಂಪ್ಯೂಟರಿನ ಡಬ್ಬಿಯ ವೈರುಗಳನ್ನು ಒಂದೊಂದಾಗಿ ಕಿತ್ತಳು. ಅಜ್ಜಿಯ ಕೌದಿಯಲ್ಲಿ ಸುತ್ತಿದಳು.

“ಎಲ್ಲಿಗಿ ಹೊಂಟಿ?” ಎಂದ ಹಣಮಂತಪ್ಪ.

“ಔರಾದಕ್ಕ. ರ‍್ಯಾಮು ಇದ್ದಲ್ಲಿಗೇ ಒಯ್ಯತೇನಿ ಅಪ್ಪ. ಇನ್ನ ಯಾರ ದಾರೀನೂ ಕಾಯೂದಿಲ್ಲ!”

ಬೀದರಿಗೆ ಒಂದು ಬಸ್ಸು. ಬೀದರಿನಿಂದ ಔರಾದಕ್ಕೆ ಇನ್ನೊಂದು. ತೊಡೆಯ ಮೇಲೆ ಕೌದಿ ಹೊದ್ದ ಡಬ್ಬಿ.

“ಕೂಸಿನ ಮುಖಾ ತುಸು ತೆಗಿಯವ್ವ, ಧಗಿ ಆಗ್ತದ,” ಎಂದಳು ಪಕ್ಕದಲ್ಲಿ ಕೂತ ಮುದುಕಿ ಬಿಸ್ಮಿಲ್ಲಾಬೀ, ಜನವಾಡದಲ್ಲಿ ಹತ್ತಿದವಳು.

“ಕೂಸಲ್ಲರೀ ಅಮ್ಮಾ... ಕಂಪ್ಯೂಟರ್.”

“ಯಾ ಅಲ್ಲಾ! ಇದಕ್ಕೇನು ಬೀಮಾರಿ?”

“ವಯಸ್ಸಾಗ್ಯದ್ರಿ.”

“ಮತ್ತ ನಿನ್ನ ಮುಖಕ್ಕೇನು ಬೀಮಾರಿ?”

ಕೌಸಲ್ಯಾ ಕಿಟಕಿಯ ಕಡೆ ತಿರುಗಿದಳು. ಬಸ್ಸು ಮಾಂಜ್ರಾದ ಸೇತುವೆ ದಾಟುತ್ತಿತ್ತು. ಕೆಳಗೆ ನದಿಯಿರಲಿಲ್ಲ. ನದಿ ಮಲಗಿದ್ದ ಹಾಸಿಗೆಯಷ್ಟೇ ಇತ್ತು. ಅದರ ನಡುವೆ ಹೆಂಗಸರು ಗುಂಡಿ ತೋಡಿ, ಗಿಂಡಿ ಗಿಂಡಿಯಾಗಿ ನೀರು ಮೊಗೆಯುತ್ತಿದ್ದರು. ‘ನಾನೂ ಅಷ್ಟೇ... ಇಲ್ಲದ ನೀರಿಗಾಗಿ ತೋಡಿದೆ’ ಎನ್ನಿಸಿ ಓಢಣಿಯಿಂದ ಕಣ್ಣೊರೆಸಿಕೊಂಡಳು.

ಔರಾದದ ಬಸ್ ನಿಲ್ದಾಣದ ಹಿಂದೆ ತರಬೇತಿ ಕೇಂದ್ರ ಸುಲಭವಾಗಿ ಸಿಕ್ಕಿತು. ಬಾಗಿಲು ಅರ್ಧ ತೆರೆದಿತ್ತು.

ಒಳಗೆ... ಅವಳು!

ಹೆಸರಿಟ್ಟವರು ಸುಳ್ಳು ಹೇಳಿರಲಿಲ್ಲ. ನೀಳ ಮೂಗು, ಗೋಧಿ ಬಣ್ಣ, ಹೆಗಲ ಮೇಲೆ ಅದೇ ಹಸಿರು ಸೀರೆಯ ಸೆರಗು ಹಿಡಿದು ಕನ್ನಡಿ ನೋಡುತ್ತಿದ್ದಳು. ಎದುರಿಗೆ ಮಚ್ಛೇಂದ್ರ ಕೈಮುಗಿದು ನಿಂತಿದ್ದ.

“ಹೂಂ ಅನ್ನು ಸುಂದರಾ... ಇದು ಮೂರನೇ ಸಲ!”

ಧಡ್!

ಮೇಜಿನ ಮೇಲೆ ಡಬ್ಬಿ ಬಿದ್ದ ಸದ್ದಿಗೆ ಇಬ್ಬರೂ ಬೆಚ್ಚಿದರು.

“ಇದರ ಕೆಲಸ ಮುಗಿಸಿಕೊಡ್ರಿ,” ಎಂದಳು ಕೌಸಲ್ಯಾ. “ನಿಮ್ಮ ಸೀರಿ ಕುಪ್ಪಸದ ಕಾರ್ಯ ಆಮ್ಯಾಲ ಮಾಡ್ಕೊಳ್ರಿ! ಅಡ್ಡ ಬರೂದಿಲ್ಲ. ಮಂಗಳವಾರ ನಮ್ಮ ಮನಿ ಉಳಿಯೂ ಪ್ರಶ್ನೆ ಅದ, ಅದಕ್ಕ ಬಂದೀನಿ. ಬ್ಯಾರೆ ಯಾವುದಕ್ಕೂ ಅಲ್ಲ!”

ಮಚ್ಛೇಂದ್ರ ಮುಗಿದ ಕೈ ಇಳಿಸಿದ. “ಕೌಸಲ್ಯಾ ಅವ್ರ... ನೀವು...”

ಸುಂದರಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೌದಿ ನೋಡಿದಳು. ಬೆವರು, ಧೂಳು, ಒಣಗಿದ ಕಣ್ಣೀರು ನೋಡಿದಳು. ಆಮೇಲೆ ಹುಬ್ಬೇರಿಸಿದಳು.

“ನೀವೇನು, ಬಾವಿ ಕಥಿ ಹುಡುಗಿ?”

ಬಾವಿ ಕಥೆ! ಕೌಸಲ್ಯಾಳ ಅಜ್ಜಿಯ ಕಥೆ! ಅದನ್ನೂ ಇವಳಿಗೆ ಹೇಳಿದ್ದಾನೆ!

“ಅದು ನಮ್ಮ ಆಯಿ ಕಥಿ!” ಎಂದಳು, ಸಾಲೆಯ ಹುಡುಗಿಯ ಹಾಗೆ. “ಅದನ್ನ ಇನ್ನೊಬ್ರಿಗಿ ಹೇಳಲಿಕ್ಕಿ ನಿಮಗ ಯಾರು ಹೇಳಿದ್ರು? ಸೀರಿ ಕೊಟ್ಟಿದ್ದು ಸಾಲಲಿಲ್ಲೇನು?”

“ಏ ಮಚ್ಛೇಂದ್ರ, ಬಾಯಿ ಬಿಡೋ!” ಎಂದಳು ಸುಂದರಾ.

“ನಾ ಹ್ಯಾಂಗ ಬಿಡ್ಲಿ? ನೀ ಬಿಟ್ಟರಲ್ಲ ನಾ ಬಿಡೂದು!” ಅವನು ಅಳುವ ಹಾಗಿದ್ದ.

ಸುಂದರಾ ಕುರ್ಚಿ ಎಳೆದು ಕೌಸಲ್ಯಾಳ ಭುಜ ಹಿಡಿದು ಕೂಡಿಸಿದಳು. ನೀರು ಕೊಟ್ಟಳು.

“ಕೇಳ್ರಿಲ್ಲಿ. ನಮ್ಮ ಮನಿತನದಾಗ ಒಂದು ಪದ್ಧತಿ ಅದ. ಸೋದರತ್ತಿ ಮಗ ಹೊರಗಿನ ಹುಡುಗೀನ್ನ ಮಾಡ್ಕೋಬೇಕಂದ್ರ, ಮೊದಲ ಮಾವನ ಮಗಳಿಗಿ ಸೀರಿ ಕುಪ್ಪಸ ಕೊಟ್ಟು, ಬಿಡುಗಡಿ ಬೇಡಬೇಕು. ಆಕಿ ಎಲಿ ಅಡಿಕಿ ಕೊಟ್ಟು ‘ಬಿಟ್ಟೀನಿ’ ಅನ್ನೂ ತನಕಾ, ಅಂವ ಆ ಹುಡುಗಿ ಮುಂದ ಮನಸ್ಸಿನ ಮಾತು ಆಡಂಗಿಲ್ಲ. ಆಡಿದ್ರ ಆ ಮದುವಿಗಿ ಏಳಿಗಿ ಇಲ್ಲಂತ ನಮ್ಮ ಹಿರೇರು.”

ಕೌಸಲ್ಯಾ ನೀರಿನ ಗಿಂಡಿಯನ್ನು ಮೇಜಿನ ಮೇಲಿಟ್ಟಳು.

“ಮೂರು ಐತವಾರದಿಂದ ಈ ಮಾರಾಯ ಬಿಡುಗಡಿ ಬೇಡ್ಲತ್ತಾನ. ನಾನೇ ಕೊಟ್ಟಿಲ್ಲ. ಯಾವ ಹುಡುಗಿ ಅಂತ ನಾ ನೋಡಬೇಕು, ಆಕೀನೇ ಬರಬೇಕು ಅಂದೆ. ಇಂವ ಹೇಳಂಗಿಲ್ಲ, ಹೇಳಲಿಲ್ಲಂದ್ರ ನೀವು ಬರಂಗಿಲ್ಲ! ಹಗ್ಗ ಗಂಟು ಬಿತ್ತು.” ಸುಂದರಾ ನಕ್ಕಳು, ಆದರೆ ನಗುವಿನ ಕೊನೆ ತುಸು ಬಾಡಿತ್ತು. “ಸುಳ್ಳು ಯಾಕ ಹೇಳ್ಲಿ, ಎರಡು ದಿನ ನಂಗೂ ಉರೀತು. ಇಂವ ನನಗೇನು ಬೇಕಾಗಿರಲಿಲ್ರಿ. ಆದ್ರ ಬ್ಯಾಡ ಅನ್ನೂದು ನಾನಾಗಿರಬೇಕಿತ್ತು, ಇಂವ ಅಲ್ಲ! ಆಮ್ಯಾಲ ಇಂವ ಆ ಬಾವಿ ಕಥಿ ಹೇಳಿದ. ‘ಆ ತೋಡಾಂವ ಏನ ಮಾಡಬೇಕು ಸುಂದರಾ’ ಅಂತ ಕೇಳಿದ. ಅವತ್ತು ಇವನ ಮುಖಾ ನೋಡಿದೆ. ಹುಟ್ಟಿದಾಗಿನಿಂದ ನೋಡೀನಿ, ಆ ಮುಖಾ ನಾ ಕಂಡಿರಲಿಲ್ಲ.”

ಕೌಸಲ್ಯಾ ಮೆಲ್ಲಗೆ ತಿರುಗಿ ಅವನನ್ನು ನೋಡಿದಳು. ಹುಬ್ಬುಗಳ ನಡುವೆ ಅದೇ ಗೆರೆ.

ಇಷ್ಟು ದಿನ ಸುಟ್ಟದ್ದೆಲ್ಲ... ಒಂದೇ ಗುಟುಕಿಗೆ ತಣ್ಣಗಾಯಿತು. ಆದರೆ ಸುಂದರಾ ಇನ್ನೂ ಮುಗಿಸಿರಲಿಲ್ಲ.

“ಅಂದಂಗ ಪೆಟ್ಟಿಗಿ ಯಾಕ ಹೊತ್ತು ತಂದೀರಿ? ರ‍್ಯಾಮು ನಾ ಮೊದಲನೇ ಐತವಾರನೇ ಕೊಟ್ಟೀನಲ್ಲ?”

ಮಚ್ಛೇಂದ್ರ ಅಂಗಿಯ ಜೇಬಿಗೆ ಕೈಹಾಕಿದ. ಕಾಗದದಲ್ಲಿ ಸುತ್ತಿದ ರ‍್ಯಾಮಿನ ಎರಡು ಹಸಿರು ಪಟ್ಟಿಗಳನ್ನು ಮೇಜಿನ ಮೇಲಿಟ್ಟ. ಸುತ್ತಿದ್ದ ಕಾಗದ... ಬೀದರಿನಲ್ಲಿ ಅವಳು ಕೊಟ್ಟಿದ್ದ ಚೀಟಿ!

“ಹಾಕಿಬಿಟ್ರ ಕೆಲಸ ಮುಗೀತಿತ್ತು,” ಎಂದ, ತಲೆ ಬಗ್ಗಿಸಿ. “ಮುಗದ್ರ ನಾ ಮರುದಿನ ಯಾವ ಮುಖಾ ಹೊತ್ತು ನಿಮ್ಮ ಮನಿಗಿ ಬರ್ಲಿ? ಇಕಿ ಬಿಡುಗಡಿ ಕೊಡೂ ತನಕಾ ಅಂತ... ಕುಂತೆ.”

“ಕಲ್ಲಿನ ಮ್ಯಾಲ ಕುಂತ್ರಿ!” ಕೌಸಲ್ಯಾ ಎದ್ದು ನಿಂತಳು. “ನಮ್ಮ ಅಪ್ಪ ದಿನಾ ಆ ಬೀಗ ತಗದು ನೋಡಿ ಮತ್ತ ಗೂಡಿನಾಗ ಇಡ್ತಾನ, ಗೊತ್ತದೇನು? ಅವ್ವ ಅಡಗಿ ಭಾಂಡಿ ಎಲ್ಲಾ ಗಂಟು ಕಟ್ಟಿಟ್ಟಾಳ! ಊರು ನೀರಡಿಸಿ ಕುಂತದ, ನೀವು ಮನಸ್ಸಿನ ಮಾತು ಮುಚ್ಚಿಟ್ಕೊಂಡು ಕುಂತೀರಿ!”

“ಸೋಮವಾರ ಏನಾದ್ರೂ ಮಾಡೇ ಮಾಡ್ತಿದ್ದೆ... ಆಣಿ ಮಾಡಿ ಹೇಳ್ತೇನಿ.”

“ಸೋಮವಾರ ಕರೆಂಟ್ ಇರದಿದ್ರ?”

“ತಪ್ಪಾತು,” ಎಂದ. ಮತ್ತೇನೂ ಸೇರಿಸಲಿಲ್ಲ. ಆ ಸೇರಿಸದಿರುವಿಕೆಯೇ ಅವಳ ಸಿಟ್ಟಿನ ಕಾಲು ಮುರಿಯಿತು.

ಸುಂದರಾ ಎಲೆ ಅಡಿಕೆಯ ಡಬ್ಬದಿಂದ ಎರಡು ಎಲೆ, ಒಂದು ಅಡಿಕೆ ತೆಗೆದು ಕೌಸಲ್ಯಾಳ ಅಂಗೈಯಲ್ಲಿಟ್ಟು, ಬೆರಳು ಮಡಿಚಿದಳು.

“ಕೇಳಲಿಕ್ಕಿ ಬರ್ತೀರಿ ಅಂದ್ರ ಜಗಳಕ್ಕ ಬಂದೀರಿ. ಇರ್ಲಿ. ಪೆಟ್ಟಿಗಿ ತೊಡಿ ಮ್ಯಾಲ ಇಟ್ಕೊಂಡು ಎರಡು ಬಸ್ಸು ಹತ್ತಿ ಬಂದೀರಲ್ಲ, ಅಷ್ಟು ಸಾಕು. ಬಿಟ್ಟೀನ್ರಿ. ಇಟ್ಕೊಳ್ಳೂದು ಒಗಿಯೂದು ನಿಮಗ ಬಿಟ್ಟದ್ದು.”

ಕೌಸಲ್ಯಾ ಆ ಎಲೆ ಅಡಿಕೆಯನ್ನು ಓಢಣಿಯ ಚುಂಗಿಗೆ ಗಂಟು ಹಾಕಿದಳು.

“ಮೊದಲ ಮಾತು ಕೊಟ್ಟ ಕೆಲಸ ಮುಗೀಲಿ. ಜವಾಬು ಆಮ್ಯಾಲ.”

* * *

ಹಿಂದಿರುಗುವ ಬಸ್ಸಿನಲ್ಲಿ ಕೌದಿ ಹೊದ್ದ ಡಬ್ಬಿ ಇಬ್ಬರ ನಡುವೆ ಕೂತಿತ್ತು. ಅವನು ಒಂದು ಕೈಯಿಂದ ಹಿಡಿದಿದ್ದ, ಅವಳು ಒಂದು ಕೈಯಿಂದ. ಭಾಲ್ಕಿಯ ದಾರಿಯಲ್ಲಿ ಹಲಬರ್ಗಾ ಬಂತು.

“ಸೀರಿ ಛಲೋ ಇತ್ತು,” ಎಂದಳು ಅವಳು ಕಿಟಕಿ ನೋಡುತ್ತ.

“ನಿಮಗ ಬ್ಯಾರೆ ಬಣ್ಣ ಹೊಂದ್ತದ.”

“ನಾ ಕೇಳಿಲ್ಲ.”

“...ಹೂಂ.”

ಮನೆ ಮುಟ್ಟಿದಾಗ ಮೂರೂವರೆ. ಆರಕ್ಕೆ ಕರೆಂಟ್ ಹೋಗುತ್ತದೆ, ಪ್ರತಿ ಐತವಾರದಂತೆ. ಮಚ್ಛೇಂದ್ರ ಚಹಾ ಕೂಡ ಮುಟ್ಟಲಿಲ್ಲ. ಎರಡು ಹಸಿರು ಪಟ್ಟಿಗಳು ಟಕ್ ಟಕ್ ಎಂದು ಕೂತವು. ತಾರೀಖು ಮರೆಯುತ್ತಿದ್ದ ಹಳೆಯ ಗುಂಡಿ ಬ್ಯಾಟರಿ ತೆಗೆದು ಹೊಸದು ಹಾಕಿದ. ಸೀಡಿ ಗುಂಯ್ ಎಂದು ತಿರುಗಿತು. ಪರದೆಯ ಮೇಲೆ ಹಸಿರು ಗೆರೆ ಇರುವೆಯ ಹಾಗೆ ತೆವಳತೊಡಗಿತು.

ಶೇವಂತಾಬಾಯಿ ಹತ್ತಿರ ಬಂದು ಕೂತಳು. “ಎಷ್ಟು ಆಳು ತೋಡಿದಿ ತಮ್ಮ?”

“ಅರವತ್ತು ಪರ್ಸೆಂಟ್ ಆಯಿ.”

ಐದು ಗಂಟೆ... ಐದೂ ಇಪ್ಪತ್ತು... ಕಂಪ್ಯೂಟರ್ ತಾನೇ ಆರಿತು, ಮತ್ತೆ ಹೊತ್ತಿತು. ಪಕ್ಕದ ಖೋಲಿಯಲ್ಲಿ ಹಣಮಂತಪ್ಪ ಗೂಡಿನ ಮುಂದೆ ಹೋಗಿ ಬಂದು ಮಾಡುತ್ತಿದ್ದ. ಕೌಸಲ್ಯಾಳ ಕಣ್ಣು ಗಡಿಯಾರದ ಮೇಲೆ, ಮತ್ತೆ ಆ ಗೆರೆಯ ಮೇಲೆ. ಇನ್ನೊಂದು ಗೆರೆಯ ಮೇಲೂ... ಹುಬ್ಬುಗಳ ನಡುವಿನದು.

“ಈಗ?”

“ತೊಂಬತ್ತೆಂಟು.”

“ಅಂದ್ರ ಕಲ್ಲು ಬಂತು,” ಎಂದಳು ಮುದುಕಿ.

ಪರದೆ ನೀಲಿಯಾಯಿತು. ನಡುವೆ ಒಂದು ಖಾಲಿ ಚೌಕ. ಪಕ್ಕದಲ್ಲಿ ಕಡ್ಡಿಯೊಂದು ಮಿನುಗುತ್ತ ಕಾಯುತ್ತಿತ್ತು.

“ಹೆಸರು ಕೇಳ್ಲತ್ತದ,” ಎಂದ ಮಚ್ಛೇಂದ್ರ. “ಯಾರ ಹೆಸರು ಹಾಕ್ಲಿ? ಇದು ಹಾಕಿದ್ರ... ಮುಗೀತು. ನಿಮ್ಮ ಹೆಸರೇ ಹಾಕ್ತೇನಿ...”

“ತಡೀರಿ.”

ಕೌಸಲ್ಯಾ ಓಢಣಿಯ ಗಂಟು ಬಿಚ್ಚಿದಳು. ಬಾಡಿದ ಎಲೆಗಳು ಅಂಗೈಯಲ್ಲಿದ್ದವು. ಎಷ್ಟು ಸಲ ಕರೆದಿದ್ದಳು ಆ ಹೆಸರನ್ನು, ಎಷ್ಟು ಸಲೀಸಾಗಿ! ಈಗ ಅದು ನಾಲಗೆಯ ಮೇಲೆ ಕೆಂಡದ ಹಾಗಿತ್ತು... ಸಿಹಿ ಕೆಂಡ. ಬರಿದೇ ಹೇಳಲು ಬಾರದು. ಇನ್ನೆಂದೂ ಬಾರದು.

ಅವಳು ಓಢಣಿಯನ್ನು ತಲೆಯ ಮೇಲೆ ಎಳೆದುಕೊಂಡಳು. ನೆಲ ನೋಡುತ್ತ ಮೆಲ್ಲಗೆ ಹೇಳಿದಳು:

“ಬರಗಾಲದಾಗ ತೆರದದ ನಮ್ಮ ಮನ್ಯಾಗ ಸೇವಾ ಕೇಂದ್ರ,
ಬಾವೀ ಕಡೀ ಕಲ್ಲು ಒಡದವರು... ಮಚ್ಛೇಂದ್ರ.”

ಅವನಿಗೆ ಅರ್ಥವಾಗಿತ್ತು. ಈ ಸೀಮೆಯ ಹುಡುಗನಿಗೆ ಒಡಪಿನ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಕಣ್ಣು ತುಂಬಿ ಬಂದು ಕೀಲಿಗಳೇ ಕಾಣಿಸಲಿಲ್ಲ.

“ಇನ್ನೊಮ್ಮೆ... ಹೇಳ್ತೀರೇನು?”

“ಒಮ್ಮೆ ಹೇಳೂದೇ ಒಡಪು!”

ಶೇವಂತಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಬೆನ್ನಿಗೊಂದು ಗುದ್ದಿದಳು. “ಒಡಿಯೋ ಕಲ್ಲಾ! ಆರಕ್ಕ ಕರೆಂಟ್ ಹೋಗ್ತದ!”

ಅವನು ಟೈಪು ಮಾಡಿದ. ಒಂದು ಹೆಸರು. ಅದರ ಪಕ್ಕ, ಒಂದು ಜಾಗ ಬಿಟ್ಟು, ಇನ್ನೊಂದು ಹೆಸರು. ಎಂಟರ್ ಒತ್ತಿದ.

ಪರದೆ ಬೆಳಗಿತು. ಮೂಲೆಯಲ್ಲಿ ಅಂದಿನದೇ ತಾರೀಖು. ಕೌಸಲ್ಯಾ ಸಾಹೇಬರ ಪುಟದ ವಿಳಾಸ ಹಾಕಿದಳು. ಎಂದೂ ತೆರೆಯದ ಆ ಪುಟ ಮೇಲಿನಿಂದ ಕೆಳಗೆ, ಸಾಲು ಸಾಲಾಗಿ ಇಳಿದು ಬಂತು... ಒಣ ಬಾವಿಗೆ ನೀರು ಬಂದ ಹಾಗೆ.

“ಅಪ್ಪಾ!”

ಹಣಮಂತಪ್ಪ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ! ಕೈಯಲ್ಲಿ ಹೊಸ ಬೀಗ. ಪರದೆಯನ್ನು ನೋಡಿದ, ಮಗಳ ತಲೆಯ ಮೇಲಿನ ಓಢಣಿ ನೋಡಿದ, ಹುಡುಗನ ಒದ್ದೆ ಕಣ್ಣು ನೋಡಿದ. ಒಂದು ಸಲ ಕೆಮ್ಮಿದ.

“ಮಂಗಳವಾರ ಬರ್ಲಿ ಸಾಹೇಬರು. ಈ ಬೀಗ ಇದೇ ಖೋಲಿಗಿ ಆತು. ಕಂಪ್ಯೂಟರ್ ಕಳುವಾಗಬಾರ್ದಲ್ಲ,” ಎಂದು ಬೀಗವನ್ನು ಮೇಜಿನ ಮೇಲಿಟ್ಟು, ಹೆಂಡತಿಗೆ ಹೇಳಲು ಒಳಗೆ ಹೋದ. “ಏ... ಭಾಂಡಿ ಗಂಟು ಬಿಚ್ಚ!”

ಮಚ್ಛೇಂದ್ರ ಪೆನ್ ಡ್ರೈವ್ ಚುಚ್ಚಿದ. ನಲವತ್ತೊಂದು ಕಥೆಗಳು ತಮ್ಮ ಮನೆಗೆ ಮರಳಿದವು. ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿ, ಎದ್ದು ನಿಂತ.

“ಮಾತು ಕೊಟ್ಟ ಕೆಲಸ ಮುಗೀತ್ರಿ. ನಾಳಿ ಬರಲಿಕ್ಕಿ... ಇನ್ನ ಯಾವ ನೆವಾನೂ ಇಲ್ಲ.”

ಕೌಸಲ್ಯಾ ಬಾಡಿದ ಎಲೆಗಳಲ್ಲಿ ಒಂದನ್ನು ತಾನಿಟ್ಟುಕೊಂಡು, ಇನ್ನೊಂದನ್ನು ಅವನ ಅಂಗೈಗೆ ಹಾಕಿದಳು.

“ನೆವಾ ಯಾಕ ಬೇಕು? ಬಾವಿ ಕಥಿಗಿ ಇನ್ನೂ ಕೊನೀ ಬರದಿಲ್ಲ. ನಾಳಿ ಐದೂವರಿಗಿ ಬರ್ರಿ... ಕೂಡಿ ಬರಿಯೂಣು.”